ತಣ್ಣಗಿದ್ದಾಗ ಸಡಿಲ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ಬೋರಲು ಹಾಕಿದ ಎರಡು ಮೀನುಪೆಟ್ಟಿಗೆ, ಮೇಲೊಂದು ಹಲಗೆ,
ಹಲಗೆಯ ಮೇಲೆ ಹಳೇ ಬಿಳಿ ಲುಂಗಿ,
ಲುಂಗಿಯ ಮೇಲೆ ಪಂಪು.
ಮಿಂಗೇಲನ ರೇಸು ಕಾರಿನದು, ಮೂರು ಕೋಣೆಯದು.
ಎರಡು ಕೋಣೆ ಎಂಜಿನ್ನಿನ ತಳದ ಎಣ್ಣೆ ಹೀರಿ
ಡಿಕ್ಕಿಯ ಟ್ಯಾಂಕಿಗೆ ಕಳಿಸುತ್ತವೆ,
ಮೂರನೆಯದು ಅಲ್ಲಿಂದ ತಂದು
ಒಂದೊಂದೇ ಬೇರಿಂಗಿನ ಬಾಯಿಗಿಡುತ್ತದೆ.

ಬಿಚ್ಚುವ ಮೊದಲು ಗುರುತು.
ಉಗುರುಬಣ್ಣದಲ್ಲಿ ಒಂದು ಗೀಟು, ಎರಡು ಗೀಟು, ಮೂರು.
ಯಾರ ಮದುವೆಗೆಂದು ಕೊಂಡಿದ್ದೆನೋ ಈ ಬಾಟಲಿ,
ಉಗುರಿಗಿಂತ ಕಬ್ಬಿಣಕ್ಕೇ ಹತ್ತಿದ್ದು ಹೆಚ್ಚು.

ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ.
ಒಂದು ಹಲ್ಲಿನ ತುದಿಗೆ ಗೀರು,
ಎದುರಿನ ಗೋಡೆಗೂ ಅದೇ ಗೀರು.
ಲುಂಗಿಯ ಮಡಿಕೆಯಲ್ಲಿ ಸಿಕ್ಕಿತು ಕಣವೊಂದು,
ಮರಳೋ, ಚಿಪ್ಪಿನ ಚೂರೋ.
ಇಷ್ಟು ದೊಡ್ಡ ಕಡಲು ಇಷ್ಟು ಹತ್ತಿರವಿದ್ದೂ
ಒಳಗೆ ಬಂದದ್ದು ಇಷ್ಟೇ.

“ಮರಳಿನದೇ ಕೆಲಸ” ಎಂದ ಮಿಂಗೇಲ, ನಿರಾಳವಾಗಿ.
ನಾನು ಹೂಂ ಅನ್ನಲಿಲ್ಲ.
ಮುಂದಿನ ಬೇರಿಂಗು ನೀಲಿಗೆ ತಿರುಗಿತ್ತು,
ಬಂಗಡೆಯ ಬೆನ್ನಿನ ನೀಲಿ.
ಮರಳು ಗೀರುತ್ತದೆ.
ನೀಲಿ ಮಾಡುವುದು ಬಿಸಿ.
ಬಿಸಿ ಮಾಡಿದ್ದು ಬೆಲ್ಟು.
ಬೆಲ್ಟು ಬಿಗಿದದ್ದು ನಾನು.

ಅಂಕೋಲೆಯ ಕೊಯ್ದ ಗದ್ದೆಯ ರೇಸಿಗೆ ಹಿಂದಿನ ರಾತ್ರಿ
ಜಾರೀತು, ಹಾರೀತು ಎಂಬ ಹೆದರಿಕೆಗೆ
ಸ್ಪ್ಯಾನರಿನ ಮೇಲೆ ಮೈಭಾರ ಹಾಕಿದ್ದೆ.
ಬೆರಳಲ್ಲಿ ಮೀಟಿದರೆ ಟಣ್ಣೆನ್ನಬೇಕು, ಅಂದಿತು.
ನಿಂತವರೆಲ್ಲ ಭೇಷ್ ಅಂದರು.

ಪಾಂಡು ಉಳ್ವೇಕರ ಮೇಸ್ತ್ರಿ ಅಂದಿದ್ದರು, ನನಗಾಗ ಹದಿನೇಳು:
“ತಣ್ಣಗಿದ್ದಾಗ ಸಡಿಲ ಅನ್ನಿಸ್ಬೇಕು, ಶೇವಂತಿ.
ಬಿಸಿಗೆ ಲೋಹ ಹಿಗ್ತದೆ, ಪುಲ್ಲಿ ಪುಲ್ಲಿ ದೂರ ಸರೀತವೆ,
ಬಾಕಿ ಬಿಗಿ ಅದೇ ತಕ್ಕೊಳ್ತದೆ. ನೀ ಅವಸರ ಮಾಡ್ಬೇಡ.”
ತಲೆಯಾಡಿಸಿದ್ದೆ. ಕಿವಿಗೆ ಬಿದ್ದದ್ದು
ಕೈಗಿಳಿಯಲು ಇಷ್ಟು ವರ್ಷ ಬೇಕಾಯಿತು.
ಟ್ರಾಲರುಗಳ ಬೀಡು ಕಬ್ಬಿಣ ನನ್ನ ತಪ್ಪನ್ನೆಲ್ಲ
ನುಂಗಿಕೊಂಡು ಸುಮ್ಮನಿತ್ತು.
ಅಲ್ಯೂಮಿನಿಯಂ ನುಂಗಲಿಲ್ಲ.

ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ಎಣ್ಣೆ ಹನಿಸಿ,
ಎಂಟರ ಅಂಕೆ ಬರೆದಂತೆ ಮುಚ್ಚಳ ಉಜ್ಜಿದೆ,
ಗೀರು ಹೋಗುವವರೆಗೆ, ಸಂಜೆಯ ದೋಣಿಗಳು ಬರುವವರೆಗೆ.
ಗೇರು ಹೊಸದು, ಬೇರಿಂಗು ಹೊಸದು,
ರಬ್ಬರ್ ಬಳೆಗಳಿಗೆ ಎಣ್ಣೆ ಸವರಿ ಕೂರಿಸಿದೆ.
ಅಳತೆಪಟ್ಟಿ ಎರಡು ಪುಲ್ಲಿಗೂ ತಾಗಿಸಿದರೆ
ನಡುವೆ ಕೂದಲಿನಷ್ಟು ಬೆಳಕು.
ಬ್ರಾಕೆಟ್ಟಿನಡಿಗೆ ಡಬ್ಬದ ತಗಡಿನ ಬಿಲ್ಲೆಯಿಟ್ಟೆ,
ಬೆಳಕು ಹೋಯಿತು.

ಬೆಲ್ಟು ಹಾಕುವ ಮುಂಚೆ ಪಂಪಿನ ಮೂತಿಗೆ ಡ್ರಿಲ್ ಕಟ್ಟಿ
ಎಂಜಿನ್ ಮಲಗಿರುವಾಗಲೇ ಎಣ್ಣೆ ಉಣಿಸಬೇಕು.
ಡ್ರಿಲ್ ಕಿರುಚಿತು, ಕೈ ನಡುಗಿತು,
ಮುಳ್ಳು ಏಳಲಿಲ್ಲ, ಏಳಲಿಲ್ಲ,
ಆಮೇಲೆ ಎದ್ದಿತು.

ಮಿಂಗೇಲನಿಗೆ ಹೇಳಿದ್ದು ಆಗಲೇ,
ಕಾರಿನಡಿ ಮಲಗಿ, ಮುಖ ಕಾಣದ ಹಾಗೆ.
ಅವನ ಚಪ್ಪಲಿಗಳೆರಡು ಬಹಳ ಹೊತ್ತು ಅಲ್ಲಾಡಲಿಲ್ಲ.
“ಹಾಗಾದ್ರೆ ಬಿಲ್ಲು?”
“ಬೇರಿಂಗು ನಂದು. ಮರಳು ನಿಂದು.”
ಎಡಗಾಲಿನ ಹೆಬ್ಬೆರಳು ನಕ್ಕ ಹಾಗಾಯಿತು.

ಬೆಲ್ಟು ಹಾಕಿದೆ. ಎರಡು ಬೆರಳಲ್ಲಿ ತಿರುಚಿದರೆ
ಕಾಲು ಸುತ್ತು ಹೊರಳಬೇಕು. ಹೊರಳಿತು.
ಎಂಜಿನ್ ಹಚ್ಚಿದ. ಬೆಲ್ಟು ತುಸು ಥರಗುಟ್ಟಿತು,
ಒಣಹಾಕಿದ ಬಲೆ ಗಾಳಿಗೆ ಆಡಿದಂತೆ.
“ಸಡಿಲಾಯ್ತಲ್ಲಾ, ಇನ್ನೊಂಚೂರು ಬಿಗಿ.”
ನನ್ನ ಕೈ ಸ್ಪ್ಯಾನರಿನತ್ತ ಹೋದದ್ದೂ ನಿಜ.

“ಐದು ನಿಮಿಷ ತಡಿ.”

ಗೋಡೆಯಾಚೆ ಐಸು ಪುಡಿಯಾಗುತ್ತಿತ್ತು.
ಕೈ ಕಟ್ಟಿ ನಿಂತೆವು ಇಬ್ಬರೂ,
ಬಿಸಿಯೇರುವುದನ್ನು ಕಾಯುತ್ತ.